ಮುಟ್ಟದೆ ನುಡಿಸುವ ವಾದ್ಯ ಮಾಡಿದ ಲೆವ್ ಟೆರ್ಮೆನ್

ನಮ್ಮ ಅಜ್ಜನ ಹತ್ತಿರ ಒಂದು ಹಳೆಯ ರೇಡಿಯೋ ಇತ್ತು. ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ಅಜ್ಜ ನನ್ನನ್ನು ಕರೆದು ಅದರ ಏರಿಯಲ್ ಪಕ್ಕದಲ್ಲಿ ಕೈಚಾಚಿ ನಿಲ್ಲಲು ಹೇಳುತ್ತಿದ್ದರು. ನಾನು ನಿಂತರೆ ವಾರ್ತೆ ಸ್ಪಷ್ಟವಾಗಿ ಕೇಳುತ್ತಿತ್ತು. ಸರಿದರೆ ಬರೀ ಗೊರಗೊರ, ಕೆಲವೊಮ್ಮೆ ಕುಂಯ್ ಎನ್ನುವ ಸದ್ದು. ವಾರ್ತೆ ಮುಗಿಯುವವರೆಗೆ ಅಲ್ಲಾಡದೆ ನಿಲ್ಲುವ ಕೆಲಸ ನನ್ನದು. ಹೀಗೇಕೆ ಆಗುತ್ತದೆ ಎಂದರೆ ಅಜ್ಜನಿಗೂ ಗೊತ್ತಿರಲಿಲ್ಲ.

ಈ ವರ್ಷ ಭೌತಶಾಸ್ತ್ರದಲ್ಲಿ ಕೆಪಾಸಿಟರ್ ಪಾಠ ನಡೆಯುವಾಗ ನಮ್ಮ ಸರ್ ಒಂದು ಮಾತು ಹೇಳಿದರು. ಕೆಪಾಸಿಟರ್ ಆಗಲು ಎರಡು ಲೋಹದ ತಟ್ಟೆಗಳೇ ಬೇಕೆಂದಿಲ್ಲ, ಮನುಷ್ಯನ ಕೈ ಕೂಡ ಒಂದು ತಟ್ಟೆಯ ಕೆಲಸ ಮಾಡುತ್ತದೆ, ಅದನ್ನೇ ಹಿಡಿದುಕೊಂಡು ರಷ್ಯಾದವರೊಬ್ಬರು ಮುಟ್ಟದೆ ನುಡಿಸುವ ವಾದ್ಯ ಮಾಡಿದ್ದರು ಎಂದು. ನನಗೆ ತಕ್ಷಣ ಅಜ್ಜನ ರೇಡಿಯೋ ನೆನಪಾಯಿತು. ಅಂದಿನಿಂದ ಆ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ವಾದ್ಯ ಅರ್ಥವಾಗಲು ಒಂದು ದಿನ ಸಾಕಾಯಿತು. ಮನುಷ್ಯ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಬರೆಯುವ ಮೊದಲು ಒಂದು ವಿಷಯ. ನಮ್ಮ ಮನೆಯಲ್ಲಿ ದಫ್ ಬಿಟ್ಟರೆ ಬೇರೆ ವಾದ್ಯ ಬಂದದ್ದಿಲ್ಲ. ನಾನು ಸಂಗೀತದ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಉಮ್ಮ ಹುಬ್ಬೇರಿಸಿದರು. ಭೌತಶಾಸ್ತ್ರ ಎಂದ ಮೇಲೆ ಸುಮ್ಮನಾದರು. ಎರಡೂ ನಿಜವೇ.

ಲೆವ್ ಸೆರ್ಗೆಯೆವಿಚ್ ಟೆರ್ಮೆನ್ 1896ರ ಆಗಸ್ಟ್‌ನಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಅವರ ಹಿರಿಯರು ಫ್ರಾನ್ಸ್‌ನಿಂದ ಬಂದವರು. ಹಾಗಾಗಿ ಪಶ್ಚಿಮದ ದೇಶಗಳಲ್ಲಿ ಅವರ ಹೆಸರನ್ನು ಲಿಯಾನ್ ಥೆರೆಮಿನ್ ಎಂದು ಬರೆದರು, ವಾದ್ಯಕ್ಕೂ ಥೆರೆಮಿನ್ ಎಂಬ ಹೆಸರೇ ನಿಂತಿತು. ಗೊಂದಲವಾಗದಿರಲಿ ಎಂದು ನಾನು ಮನುಷ್ಯನನ್ನು ಟೆರ್ಮೆನ್ ಎಂದೂ ವಾದ್ಯವನ್ನು ಥೆರೆಮಿನ್ ಎಂದೂ ಕರೆಯುತ್ತೇನೆ. ಚಿಕ್ಕಂದಿನಲ್ಲಿ ಅವರು ಚೆಲ್ಲೋ ಕಲಿತರು. ಅದು ಪಿಟೀಲಿನ ಜಾತಿಯದೇ, ಆದರೆ ಬಹಳ ದೊಡ್ಡದು, ಕುಳಿತು ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವಂಥದ್ದು. ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ. ಮೊದಲ ಮಹಾಯುದ್ಧ ಬಂತು, ಸೈನ್ಯದಲ್ಲಿ ರೇಡಿಯೋ ಕೆಲಸ. ಅದರ ನಡುವೆಯೇ 1917ರ ಕ್ರಾಂತಿ. 1919ರಲ್ಲಿ ಹೆಸರಾಂತ ವಿಜ್ಞಾನಿ ಅಬ್ರಾಮ್ ಇಯೊಫೆ ತಮ್ಮ ಹೊಸ ಸಂಸ್ಥೆಗೆ ಅವರನ್ನು ಕರೆಸಿಕೊಂಡರು.

ಅಲ್ಲಿ ಕೊಟ್ಟ ಕೆಲಸಕ್ಕೂ ಸಂಗೀತಕ್ಕೂ ಸಂಬಂಧವೇ ಇರಲಿಲ್ಲ. ಅನಿಲಗಳ ವಿದ್ಯುತ್ ಗುಣವನ್ನು ಅಳೆಯುವ ಉಪಕರಣ ಮಾಡಬೇಕಿತ್ತು. ಕೆಪಾಸಿಟರ್‌ನ ತಟ್ಟೆಗಳ ನಡುವೆ ಅನಿಲ ತುಂಬಿಸಿ, ಬದಲಾವಣೆಯನ್ನು ಹೆಡ್‌ಫೋನಿನಲ್ಲಿ ಶಿಳ್ಳೆಯಂಥ ಸದ್ದಾಗಿ ಕೇಳುವ ಏರ್ಪಾಡು. ಉಪಕರಣ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಟೆರ್ಮೆನ್ ಕೈ ಹತ್ತಿರ ತಂದರೂ ಶಿಳ್ಳೆಯ ಸ್ವರ ಬದಲಾಗುತ್ತಿತ್ತು. ಬೇರೆಯವರಾಗಿದ್ದರೆ ಇದನ್ನು ದೋಷವೆಂದು ಪೆಟ್ಟಿಗೆಗೆ ಲೋಹದ ಹೊದಿಕೆ ಹಾಕಿ ಕೈಯ ಪ್ರಭಾವ ತಪ್ಪಿಸುತ್ತಿದ್ದರೋ ಏನೋ. ಪ್ರಯೋಗಾಲಯದಲ್ಲಿ ನಾವೂ ಅದನ್ನೇ ಮಾಡುತ್ತೇವೆ, ಬಾರದ ರೀಡಿಂಗ್ ಬಂದರೆ ಅಳಿಸಿಬಿಡುತ್ತೇವೆ. ಟೆರ್ಮೆನ್ ಚೆಲ್ಲೋ ಬಲ್ಲವರು. ಕೈ ಆಡಿಸಿ ಆ ಶಿಳ್ಳೆಯಲ್ಲೇ ತಮಗೆ ಗೊತ್ತಿದ್ದ ರಾಗಗಳನ್ನು ಹುಡುಕಿದರು. ವಾದ್ಯ ಹುಟ್ಟಿದ್ದು 1920ರಲ್ಲಿ, ಹೀಗೆ.

ಅದು ಕೆಲಸ ಮಾಡುವುದು ನಾವು ಪ್ರಥಮ ಪಿಯುಸಿಯಲ್ಲಿ ಓದಿದ ಬೀಟ್ಸ್ ಪಾಠದಿಂದ. ಪೆಟ್ಟಿಗೆಯೊಳಗೆ ಎರಡು ಆಸಿಲೇಟರ್‌ಗಳಿರುತ್ತವೆ. ಎರಡೂ ಕಿವಿಗೆ ಕೇಳದಷ್ಟು ಹೆಚ್ಚಿನ ಆವರ್ತನದವು. ಉದಾಹರಣೆಗೆ ಎರಡೂ ಸೆಕೆಂಡಿಗೆ 1,70,000 ಸಲ ಕಂಪಿಸುತ್ತಿವೆ ಎಂದಿಟ್ಟುಕೊಳ್ಳಿ. ವ್ಯತ್ಯಾಸ ಸೊನ್ನೆ, ಆದ್ದರಿಂದ ಮೌನ. ಒಂದು ಆಸಿಲೇಟರ್‌ಗೆ ನೆಟ್ಟಗಿನ ಲೋಹದ ಕೋಲು ಜೋಡಿಸಿದೆ. ಬಲಗೈಯನ್ನು ಅದರ ಹತ್ತಿರ ತಂದರೆ ಕೋಲು ಒಂದು ತಟ್ಟೆ, ಕೈ ಇನ್ನೊಂದು ತಟ್ಟೆ. ಕೆಪಾಸಿಟೆನ್ಸ್ ಹೆಚ್ಚುತ್ತದೆ, ಆ ಆಸಿಲೇಟರ್‌ನ ಆವರ್ತನ ಇಳಿಯುತ್ತದೆ. ಅದು 1,69,560ಕ್ಕೆ ಇಳಿದರೆ ವ್ಯತ್ಯಾಸ 440, ಅಂದರೆ ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಕೈ ಇನ್ನೂ ಹತ್ತಿರ ಹೋದರೆ ಸ್ವರ ಇನ್ನೂ ಮೇಲೆ. ಎಡಗೈಗೆ ಅಡ್ಡವಾಗಿ ಒಂದು ಲೋಹದ ಬಳೆ, ಸದ್ದು ಹೆಚ್ಚು ಕಡಿಮೆ ಮಾಡಲು. ಇಷ್ಟೇ. ತಂತಿ ಇಲ್ಲ, ಮನೆ ಇಲ್ಲ, ಕೀಲಿ ಇಲ್ಲ. ಬೆರಳು ಎಲ್ಲಿ ಇಡಬೇಕೆಂದು ತೋರಿಸುವ ಗುರುತೂ ಇಲ್ಲ. ದೇಹ ಸ್ವಲ್ಪ ತೂಗಿದರೂ ಸ್ವರ ಕೆಡುತ್ತದೆ. ರೇಡಿಯೋ ಪಕ್ಕದಲ್ಲಿ ಅಜ್ಜ ನನ್ನನ್ನು ಅಲ್ಲಾಡಬೇಡ ಎಂದು ಗದರುತ್ತಿದ್ದದ್ದು ಸರಿಯೇ ಇತ್ತು.

ಸರ್ ಅನುಮತಿಯಿಂದ ನಾವು ಮೂವರು ಗೆಳೆಯರು ಎರಡು ಹಳೆಯ ರೇಡಿಯೋಗಳ ಹಿಂಬದಿ ಬಿಚ್ಚಿ ಲ್ಯಾಬಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆವು. ಸ್ಟೇಷನ್‌ಗಳನ್ನು ಸರಿಹೊಂದಿಸುತ್ತಾ ಹೋದಂತೆ ಒಂದು ಕಡೆ ಶಿಳ್ಳೆ ಹುಟ್ಟಿತು, ಕೈ ತಂದರೆ ಏರಿತು, ತೆಗೆದರೆ ಇಳಿಯಿತು. ಒಂದು ಗಂಟೆ ಒದ್ದಾಡಿದರೂ ಮೂರು ಸ್ವರ ಒಂದರ ಹಿಂದೆ ಒಂದು ಸರಿಯಾಗಿ ಬರಲಿಲ್ಲ. ಪಕ್ಕದ ಜೀವಶಾಸ್ತ್ರ ಲ್ಯಾಬಿನವರು ಬಂದು ಬೆಕ್ಕು ಎಲ್ಲಿದೆ ಎಂದು ಕೇಳಿದರು.

1922ರ ಮಾರ್ಚ್‌ನಲ್ಲಿ ಟೆರ್ಮೆನ್ ತಮ್ಮ ವಾದ್ಯವನ್ನು ಕ್ರೆಮ್ಲಿನ್‌ನಲ್ಲಿ ಲೆನಿನ್ ಮುಂದೆ ನುಡಿಸಿದರು. ಅದೇ ತತ್ವದಿಂದ ಮಾಡಿದ, ಯಾರಾದರೂ ಹತ್ತಿರ ಬಂದರೆ ಕೂಗುವ ಕಳ್ಳರ ಅಲಾರಂ ಕೂಡ ತೋರಿಸಿದರು. ವಾದ್ಯ ಮತ್ತು ಕಾವಲು ಯಂತ್ರ ಒಂದೇ ದಿನ, ಒಂದೇ ಮೇಜಿನ ಮೇಲೆ. ಅವರ ಮುಂದಿನ ಬದುಕೆಲ್ಲ ಈ ಎರಡರ ನಡುವೆಯೇ ನಡೆಯಿತು. ಲೆನಿನ್ ತಾವೂ ನುಡಿಸಲು ಮುಂದಾದರು, ಗ್ಲಿಂಕಾ ಎಂಬ ರಷ್ಯನ್ ಸಂಗೀತಗಾರನ ಒಂದು ಗೀತೆಯನ್ನು ಟೆರ್ಮೆನ್ ಅವರ ಕೈ ಹಿಡಿದು ಶುರುಮಾಡಿಸಿದರು. ಲೆನಿನ್‌ಗೆ ಅದು ಹಿಡಿಸಿತು. ದೇಶದ ಊರೂರಿಗೆ ಹೋಗಿ ನುಡಿಸಿ ತೋರಿಸಲು ಕಳಿಸಿದರು. ಹೊಸ ಸರ್ಕಾರ ಹಳ್ಳಿಹಳ್ಳಿಗೆ ವಿದ್ಯುತ್ ತಲುಪಿಸುವ ಮಾತಾಡುತ್ತಿದ್ದ ಕಾಲ. ವಿದ್ಯುತ್ತು ಹಾಡುತ್ತದೆ ಎಂದು ತೋರಿಸುವುದಕ್ಕಿಂತ ದೊಡ್ಡ ಪ್ರಚಾರ ಬೇಕೇ?

1927ರಲ್ಲಿ ಅವರನ್ನು ಯುರೋಪಿಗೆ ಕಳಿಸಿದರು. ಬರ್ಲಿನ್, ಲಂಡನ್, ಪ್ಯಾರಿಸ್ ಎಲ್ಲ ಕಡೆ ಸಭಾಂಗಣ ತುಂಬಿತು. ಅದೇ ವರ್ಷದ ಕೊನೆಗೆ ಹಡಗಿನಲ್ಲಿ ನ್ಯೂಯಾರ್ಕ್ ತಲುಪಿದರು. 1928ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್‌ಸಿಎ ಕಂಪನಿ ಹಕ್ಕು ಕೊಂಡು 1929ರಿಂದ ಸುಮಾರು 500 ಥೆರೆಮಿನ್‌ಗಳನ್ನು ಮಾಡಿತು. ಯಾರು ಬೇಕಾದರೂ ನುಡಿಸಬಹುದು ಎಂಬಂತೆ ಜಾಹೀರಾತು. ಕೊಂಡವರಿಗೆ ಮನೆಗೆ ಹೋದ ಮೇಲೆ ಸತ್ಯ ಗೊತ್ತಾಯಿತು. ಅಷ್ಟರಲ್ಲಿ 1929ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿದು, ದುಬಾರಿ ವಾದ್ಯ ಕೊಳ್ಳುವವರೇ ಇಲ್ಲವಾದರು.

ಆದರೂ ಟೆರ್ಮೆನ್ ನಿಲ್ಲಿಸಲಿಲ್ಲ. ನ್ಯೂಯಾರ್ಕ್‌ನ ಅವರ ಸ್ಟುಡಿಯೋಗೆ ಐನ್‌ಸ್ಟೈನ್ ಕೂಡ ಬರುತ್ತಿದ್ದರು. ಸಂಗೀತಕ್ಕೂ ಜ್ಯಾಮಿತಿಯ ಆಕಾರಗಳಿಗೂ ಇರುವ ಸಂಬಂಧದಲ್ಲಿ ಅವರಿಗೆ ಆಸಕ್ತಿ. 1931ರಲ್ಲಿ ಸಂಗೀತಗಾರ ಹೆನ್ರಿ ಕೊವೆಲ್ ಕೇಳಿಕೊಂಡದ್ದಕ್ಕೆ ಟೆರ್ಮೆನ್ ರಿದ್ಮಿಕಾನ್ ಎಂಬ ಯಂತ್ರ ಮಾಡಿಕೊಟ್ಟರು. ಕೀಲಿ ಒತ್ತಿ ಹಿಡಿದರೆ ಅದು ತಾನೇ ಲಯ ಬಾರಿಸುತ್ತಿತ್ತು. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮನುಷ್ಯನ ಕೈಗೆ ಆಗದಷ್ಟು ಲಯಗಳು ಒಂದರ ಮೇಲೊಂದು. ಇಂದು ಮೊಬೈಲ್‌ನಲ್ಲಿ ಸಿಗುವ ಡ್ರಮ್ ಮಷೀನ್‌ಗಳಿಗೆ ವಿದ್ಯುತ್ ಯುಗದ ಮೂಲಪುರುಷ ಅದೇ. ವಿದ್ಯುತ್ ಇಲ್ಲದ ಕಾಲದ್ದು ಬೇಕೆಂದರೆ 1206ರಲ್ಲಿ ತಮ್ಮ ಗ್ರಂಥ ಮುಗಿಸಿದ ಅಲ್-ಜಝರಿಯವರ ದೋಣಿಯೇ ಇದೆ. ನೀರಿನ ಬಲದಿಂದ ತಿರುಗುವ ಉರುಳೆ, ಅದರ ಮೊಳೆಗಳು ತಾಗಿದಂತೆ ಬಾರಿಸುವ ಗೊಂಬೆ ವಾದಕರು. ಆ ಕಥೆ ಬರೆದರೆ ಇನ್ನೊಂದು ಸಂಚಿಕೆಯೇ ಬೇಕು.

ಈ ವರ್ಷಗಳಲ್ಲೇ ಕ್ಲಾರಾ ಎಂಬ ಹುಡುಗಿ ಅವರ ಬಳಿ ಬಂದಳು. ವಿಲ್ನಾದಲ್ಲಿ ಹುಟ್ಟಿದವಳು, ಎಳೆಯ ವಯಸ್ಸಿನಲ್ಲೇ ಪಿಟೀಲಿನಲ್ಲಿ ಹೆಸರು ಮಾಡಿದವಳು. ಬಾಲ್ಯದಲ್ಲಿ ಹೊಟ್ಟೆಗೆ ಸಾಲದ ಪರಿಣಾಮ ಮೂಳೆಗಳು ದುರ್ಬಲವಾಗಿ ತೋಳು ಕೈಕೊಟ್ಟಿತ್ತು, ಪಿಟೀಲು ಬಿಡಬೇಕಾಯಿತು. ಮುಟ್ಟಬೇಕಾಗಿಲ್ಲದ ವಾದ್ಯ ಅವಳ ಪಾಲಿಗೆ ಎರಡನೇ ಜೀವ. ಟೆರ್ಮೆನ್ ಅವಳಿಗಾಗಿಯೇ ಹೆಚ್ಚು ಚುರುಕಾದ, ಹೆಚ್ಚು ಸ್ವರವ್ಯಾಪ್ತಿಯ ಥೆರೆಮಿನ್ ಮಾಡಿಕೊಟ್ಟರು. ಗಾಳಿಯಲ್ಲಿ ಬೆರಳಿಡುವ ಕ್ರಮವನ್ನು ಅವಳೇ ರೂಪಿಸಿದಳು. ಕ್ಲಾರಾ ರಾಕ್‌ಮೋರ್ ನುಡಿಸಿದ್ದನ್ನು ಕೇಳಿದ ಮೇಲೆ, ಇದು ಬೆಕ್ಕಿನ ಕೂಗಲ್ಲ, ಚೆಲ್ಲೋದಂಥದ್ದೇ ವಾದ್ಯ ಎಂದು ಜನ ಒಪ್ಪಿದರು. ಟೆರ್ಮೆನ್ ಅವಳನ್ನು ಮದುವೆಯಾಗಲು ಕೇಳಿದ್ದರು. ಅವಳು ವಕೀಲ ರಾಬರ್ಟ್ ರಾಕ್‌ಮೋರ್‌ನನ್ನು ಮದುವೆಯಾದಳು. 1938ರಲ್ಲಿ ಟೆರ್ಮೆನ್ ಲವಿನಿಯಾ ವಿಲಿಯಮ್ಸ್ ಎಂಬ ಕಪ್ಪುವರ್ಣದ ನರ್ತಕಿಯನ್ನು ಮದುವೆಯಾದರು. ಆ ಕಾಲದ ಅಮೆರಿಕದಲ್ಲಿ ಬಿಳಿಯ ಗಂಡು ಕಪ್ಪು ಹೆಣ್ಣು ಎಂದರೆ ಎಷ್ಟೋ ಮನೆಗಳ ಬಾಗಿಲು ಮುಚ್ಚುತ್ತಿತ್ತು. ಇವರಿಗೂ ಮುಚ್ಚಿತು.

ಇಷ್ಟನ್ನೇ ಬರೆದರೆ ಅರ್ಧ ಸತ್ಯ. ಹೊರದೇಶಕ್ಕೆ ಹೋಗಲು ಬಿಟ್ಟ ಸರ್ಕಾರ ಅದಕ್ಕೆ ಬೆಲೆಯನ್ನೂ ಕೇಳಿತ್ತು. ಅಮೆರಿಕದ ಕೈಗಾರಿಕೆಗಳ ಮಾಹಿತಿಯನ್ನು ಸೋವಿಯತ್ ಗುಪ್ತಚರರಿಗೆ ಮುಟ್ಟಿಸುವುದೂ ಅವರ ಕೆಲಸವಾಗಿತ್ತು, ಮುದಿವಯಸ್ಸಿನಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

1938ರ ಸೆಪ್ಟೆಂಬರ್‌ನಲ್ಲಿ ಅವರು ಒಂದು ಸೋವಿಯತ್ ಹಡಗಿನಲ್ಲಿ ಹೊರಟುಹೋದರು. ಲವಿನಿಯಾ ಜೊತೆಗಿರಲಿಲ್ಲ. ಅಪಹರಿಸಿದರು ಎಂದು ಬಹಳ ಕಾಲ ಅಮೆರಿಕದವರು ನಂಬಿದ್ದರು. ಸಾಲ ಮಿತಿಮೀರಿತ್ತು, ಯುದ್ಧದ ಮೋಡ ಕವಿದಿತ್ತು, ತಾವಾಗಿಯೇ ಹೊರಟರು ಎಂಬುದೇ ನನಗೆ ಹೆಚ್ಚು ಸರಿಯೆನಿಸುತ್ತದೆ. ಗಂಡ ಹೆಂಡತಿ ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ. ಲವಿನಿಯಾ ಮುಂದೆ ಹೈಟಿ ದೇಶಕ್ಕೆ ಹೋಗಿ ಅಲ್ಲಿ ನೃತ್ಯಶಾಲೆ ಕಟ್ಟಿದರು, 1989ರಲ್ಲಿ ಅಲ್ಲಿಯೇ ತೀರಿಕೊಂಡರು.

ಅವರು ಬಿಟ್ಟುಹೋಗಿದ್ದ ರಷ್ಯಾ ಬೇರೆ, ವಾಪಸ್ ಬಂದ ರಷ್ಯಾ ಬೇರೆ. ಅಲ್ಲೀಗ ಸ್ಟಾಲಿನ್ ಆಳ್ವಿಕೆ. 1939ರ ಮಾರ್ಚ್‌ನಲ್ಲಿ ಅವರನ್ನು ಬಂಧಿಸಿದರು, 8 ವರ್ಷಗಳ ಶಿಕ್ಷೆ. ದೇಶದ ಪೂರ್ವದ ತುದಿಯಲ್ಲಿ, ಚಳಿಗಾಲದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವ ಕೊಲಿಮಾದ ಶಿಬಿರಕ್ಕೆ ಕಳಿಸಿದರು. ಅಲ್ಲಿ ಉಳಿದಿದ್ದರೆ ಬಹುಶಃ ಸಾಯುತ್ತಿದ್ದರು. ವಿಜ್ಞಾನಿಗಳು ಬೇಕಾಗಿದ್ದರಿಂದ ಕೆಲಕಾಲದ ನಂತರ ಶರಾಷ್ಕಾಕ್ಕೆ ವರ್ಗ ಮಾಡಿದರು. ಶರಾಷ್ಕಾ ಎಂದರೆ ಜೈಲಿನೊಳಗಿನ ಪ್ರಯೋಗಾಲಯ, ಕೆಲಸ ಮಾಡುವವರೆಲ್ಲ ಕೈದಿಗಳು. ಮುಂದೆ ಸ್ಪುಟ್ನಿಕ್ ಹಾರಿಸಿದ ಸೆರ್ಗೆಯ್ ಕೊರೊಲೆವ್ ಕೂಡ ಅಲ್ಲಿ ಕೈದಿಯಾಗಿಯೇ ಇದ್ದರು.

ಈ ಜೈಲಿನಲ್ಲಿ ಟೆರ್ಮೆನ್ ಮಾಡಿದ ಒಂದು ವಸ್ತುವಿನ ಬಗ್ಗೆ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದೆ. 1945ರ ಆಗಸ್ಟ್‌ನಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಹ್ಯಾರಿಮನ್ ಅವರಿಗೆ ಮರದ ಫಲಕವೊಂದನ್ನು ಉಡುಗೊರೆ ಕೊಟ್ಟರು. ಅದರಲ್ಲಿ ಅಮೆರಿಕದ ಲಾಂಛನ ಕೆತ್ತಿತ್ತು. ರಾಯಭಾರಿ ಅದನ್ನು ಮನೆಯ ಗೋಡೆಗೆ ಹಾಕಿಸಿಕೊಂಡರು. ಅದರೊಳಗೆ ಟೆರ್ಮೆನ್ ಮಾಡಿದ ಕದ್ದು ಕೇಳುವ ಸಾಧನವಿತ್ತು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದು ಸಣ್ಣ ಲೋಹದ ಡಬ್ಬಿ, ಅದರ ಬಾಯಿಗೆ ತೆಳ್ಳಗಿನ ಪೊರೆ, ಜೊತೆಗೊಂದು ಆಂಟೆನಾ. ದೂರದಿಂದ ಅದರ ಮೇಲೆ ರೇಡಿಯೋ ತರಂಗ ಹಾಯಿಸಿದಾಗ ಮಾತ್ರ ಅದಕ್ಕೆ ಜೀವ. ಕೋಣೆಯಲ್ಲಿ ಮಾತಾಡಿದರೆ ಪೊರೆ ಕಂಪಿಸುತ್ತದೆ, ಕೆಪಾಸಿಟೆನ್ಸ್ ಬದಲಾಗುತ್ತದೆ, ವಾಪಸ್ ಹೋಗುವ ತರಂಗದಲ್ಲಿ ಆ ಮಾತು ಕುಳಿತಿರುತ್ತದೆ. ತರಂಗ ಹಾಯಿಸದಿದ್ದಾಗ ಅದು ಬರೀ ಲೋಹದ ಡಬ್ಬಿ, ಹುಡುಕುವವರಿಗೆ ಸುಳಿವೇ ಇಲ್ಲ. 1952ರವರೆಗೆ, 7 ವರ್ಷ, ನಾಲ್ವರು ರಾಯಭಾರಿಗಳ ಕಾಲದಲ್ಲಿ ಅದು ಅಲ್ಲೇ ನೇತಾಡುತ್ತಿತ್ತು. 1960ರಲ್ಲಿ ಅಮೆರಿಕ ಅದನ್ನು ವಿಶ್ವಸಂಸ್ಥೆಯಲ್ಲಿ ಎತ್ತಿ ತೋರಿಸಿತು.

ಮತ್ತೊಮ್ಮೆ ನೋಡಿ. ಥೆರೆಮಿನ್‌ನಲ್ಲಿ ಒಂದು ತಟ್ಟೆ ಕೋಲು, ಇನ್ನೊಂದು ತಟ್ಟೆ ಕಲಾವಿದನ ಕೈ. ಇಲ್ಲಿ ಕೈಯ ಜಾಗದಲ್ಲಿ ಯಾರದೋ ಮಾತಿಗೆ ನಡುಗುವ ಪೊರೆ. ಅದೇ ಪಾಠ, ಅದೇ ಮನುಷ್ಯ. ಕ್ಲಾರಾಗೆ ಕಳೆದುಹೋದ ಸಂಗೀತ ವಾಪಸ್ ಕೊಟ್ಟ ಬುದ್ಧಿಯೇ ಮಕ್ಕಳ ಕೈಯಲ್ಲಿ ಇಂಥ ಉಡುಗೊರೆ ಕೊಡಿಸಿತು. ಕಿಟಕಿಯ ಗಾಜಿನ ಕಂಪನದಿಂದ ಒಳಗಿನ ಮಾತು ಹಿಡಿಯುವ ಇನ್ನೊಂದು ಸಾಧನವನ್ನೂ ಅವರು ಮಾಡಿದರು. 1947ರಲ್ಲಿ ಸ್ಟಾಲಿನ್ ಹೆಸರಿನ ಪ್ರಶಸ್ತಿ ಬಂತು. ಜೈಲಿಗೆ ಹಾಕಿದವರೇ ಕೊಟ್ಟ ಪ್ರಶಸ್ತಿ.

ಈ ಬಗ್ಗೆ ನನಗೂ ನನ್ನ ಬೆಂಚಿನ ಗೆಳೆಯನಿಗೂ ದೊಡ್ಡ ವಾದವಾಯಿತು. ಬೇಕೆಂದೇ ಕೆಲಸ ಕೆಡಿಸಬಹುದಿತ್ತಲ್ಲ, ಮಾಡಲು ಬರುವುದಿಲ್ಲ ಎನ್ನಬಹುದಿತ್ತಲ್ಲ ಎಂದು ಅವನು. ಕೊಲಿಮಾಕ್ಕೆ ವಾಪಸ್ ಕಳಿಸುವ ಭಯ ಇರುವಾಗ ಹಾಗೆ ಹೇಳುವುದು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಹೇಳಿದಷ್ಟು ಸುಲಭವಲ್ಲ ಎಂದು ನಾನು. ಆದರೆ ಬಿಡುಗಡೆಯಾದ ಮೇಲೂ ಅವರು 1966ರವರೆಗೆ ಗುಪ್ತಚರ ಇಲಾಖೆಯಲ್ಲೇ ಕೆಲಸ ಮಾಡಿದರು ಎಂದು ಅವನು ತೋರಿಸಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವರ್ಷ ನಾವಿಬ್ಬರೂ ಸಿಇಟಿ ಬರೆದು ಎಂಜಿನಿಯರಿಂಗ್ ಸೇರುವ ಆಸೆಯವರು. ಈ ವಾದ ಇನ್ನೂ ಮುಗಿದಿಲ್ಲ.

ಇತ್ತ ಪಶ್ಚಿಮದಲ್ಲಿ ಟೆರ್ಮೆನ್ ಸತ್ತರೆಂದೇ ಎಲ್ಲರೂ ತಿಳಿದಿದ್ದರು. ಆದರೆ ವಾದ್ಯ ಸತ್ತಿರಲಿಲ್ಲ. 1949ರಲ್ಲಿ ನ್ಯೂಯಾರ್ಕ್‌ನ ಹೈಸ್ಕೂಲ್ ಹುಡುಗ ರಾಬರ್ಟ್ ಮೂಗ್ ಪತ್ರಿಕೆಯ ಚಿತ್ರ ನೋಡಿ ಒಂದು ಥೆರೆಮಿನ್ ಕಟ್ಟಿದ. ಮುಂದೆ ತಂದೆಯ ಜೊತೆ ಸೇರಿ ಮಾಡಿ ಮಾರತೊಡಗಿದ. 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿ ಮನೆಯಲ್ಲೇ ಜೋಡಿಸುವ ಥೆರೆಮಿನ್ ಕಿಟ್ ತಂದಾಗ ಸುಮಾರು ಸಾವಿರ ಮಾರಾಟವಾದವು. ಆ ದುಡ್ಡು, ಆ ಕೈಪಳಗಿಕೆ ಎರಡೂ 1964ರಲ್ಲಿ ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆ ಮೂಗ್ ಕಟ್ಟಿದ ಸಿಂಥಸೈಜರ್‌ಗೆ ಬಂದವು. ಅದರಲ್ಲಿ ಸ್ವರವನ್ನು ನಡೆಸುವುದು ವೋಲ್ಟೇಜ್. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೆ. ಕೀಬೋರ್ಡ್ ಜೋಡಿಸಿದ್ದರಿಂದ ಗಾಳಿಯಲ್ಲಿ ಸ್ವರ ಹುಡುಕುವ ಕಷ್ಟ ತಪ್ಪಿತು. ಇಂದು ಸಿನಿಮಾ ಹಾಡುಗಳಲ್ಲಿ ಕೇಳುವ ಸಿಂಥಸೈಜರ್ ಸದ್ದಿನ ಬೇರು ಹುಡುಕುತ್ತಾ ಹೋದರೆ ಈ ಹುಡುಗನ ಥೆರೆಮಿನ್ ಸಿಗುತ್ತದೆ.

ತಮ್ಮ ಹೆಸರು ಹೀಗೆ ಬೆಳೆಯುತ್ತಿದೆ ಎಂಬುದೇ ಟೆರ್ಮೆನ್‌ಗೆ ಗೊತ್ತಿರಲಿಲ್ಲ. ಬಿಡುಗಡೆಯ ನಂತರ ಮರಿಯಾ ಎಂಬವರನ್ನು ಮದುವೆಯಾಗಿದ್ದರು, ಅವಳಿ ಹೆಣ್ಣುಮಕ್ಕಳು. 1962ರಲ್ಲಿ ಕ್ಲಾರಾ ಮಾಸ್ಕೋಗೆ ಹೋದಾಗ ಅವರು ಬದುಕಿರುವುದು ತಿಳಿದು ಭೇಟಿಯಾದರು. ಆಮೇಲೆ ಅವರು ಮಾಸ್ಕೋ ಸಂಗೀತ ಮಹಾವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿ ಮತ್ತೆ ವಾದ್ಯ ಕಟ್ಟತೊಡಗಿದರು. 1967ರಲ್ಲಿ ಅಮೆರಿಕದ ಪತ್ರಕರ್ತರೊಬ್ಬರು ಅವರನ್ನು ಕಂಡು ಪತ್ರಿಕೆಯಲ್ಲಿ ಬರೆದರು. ಜಗತ್ತಿಗೆ ಸಂತೋಷದ ಸುದ್ದಿ. ಅವರಿಗೆ ಮಾತ್ರ ಆಪತ್ತು. ಆ ವರದಿ ಮೇಲಿನವರ ಕಣ್ಣಿಗೆ ಬಿದ್ದು ಕೆಲಸ ಹೋಯಿತು, ಕಟ್ಟಿದ್ದ ವಾದ್ಯಗಳನ್ನು ಹಾಳುಮಾಡಿ ಎಸೆದರು. 70 ದಾಟಿದ ವಿಜ್ಞಾನಿ ಮಾಸ್ಕೋ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಮೆಕ್ಯಾನಿಕ್ ಆಗಿ ಸೇರಿದರು. ಅಲ್ಲಿಯೂ ಬಿಡುವಿನಲ್ಲಿ ಥೆರೆಮಿನ್ ಕಟ್ಟಿದರು. ಸಂಬಂಧಿಕರ ಮೊಮ್ಮಗಳು ಲಿಡಿಯಾ ಕವಿನಾಗೆ 9 ವರ್ಷವಾಗಿದ್ದಾಗ ಕೂರಿಸಿಕೊಂಡು ಕಲಿಸಲು ಶುರುಮಾಡಿದರು.

ಕೊನೆಗೆ ಗೋಡೆಗಳು ಸಡಿಲವಾದವು. 1989ರಲ್ಲಿ ಫ್ರಾನ್ಸ್‌ಗೆ, 1991ರಲ್ಲಿ ಅಮೆರಿಕಕ್ಕೆ ಹೋಗಲು ಅನುಮತಿ ಸಿಕ್ಕಿತು. ಬಿಟ್ಟುಬಂದು 53 ವರ್ಷಗಳಾಗಿದ್ದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಅವರನ್ನು ಸನ್ಮಾನಿಸಿತು. ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಮ್ಯಾಕ್ಸ್ ಮ್ಯಾಥ್ಯೂಸ್. 1957ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಐಬಿಎಂ 704 ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆದು ಸಂಗೀತ ನುಡಿಸಿದವರು, ಕಂಪ್ಯೂಟರ್ ಸಂಗೀತಕ್ಕೆ ದಾರಿ ತೋರಿದವರು. ಅವರು ಮಾಡಿದ ರೇಡಿಯೋ ಬೇಟನ್ ಎಂಬ ಸಾಧನದಲ್ಲಿ ಗಾಳಿಯಲ್ಲಿ ಎರಡು ಕೋಲು ಆಡಿಸಿದರೆ ಕಂಪ್ಯೂಟರ್ ಅದರಂತೆ ನುಡಿಸುತ್ತದೆ. ಕೋಲು ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಯುವುದು ಅದೇ ಕೆಪಾಸಿಟೆನ್ಸ್‌ನಿಂದ.

ಅದೇ 1991ರಲ್ಲಿ, ಸೋವಿಯತ್ ಒಕ್ಕೂಟ ಕುಸಿಯುವ ಕೆಲವು ತಿಂಗಳ ಮೊದಲು, 94ರ ವಯಸ್ಸಿನಲ್ಲಿ ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ಎಲ್ಲರೂ ಬಿಡುತ್ತಿದ್ದಾಗ ಇವರು ಸೇರಿದರು, ಲೆನಿನ್‌ಗೆ ಮಾತು ಕೊಟ್ಟಿದ್ದೆ ಎಂಬ ಕಾರಣ ಕೊಟ್ಟರು. ಹಾಸ್ಯವೋ ನಿಷ್ಠೆಯೋ, ಎಷ್ಟು ಓದಿದರೂ ನನಗೆ ತಿಳಿಯಲಿಲ್ಲ.

ಆ ಪ್ರಯಾಣದಲ್ಲೇ ನ್ಯೂಯಾರ್ಕ್‌ನಲ್ಲಿ ಕ್ಲಾರಾ ಅವರ ಮನೆಗೂ ಹೋದರು. ಆಕೆಗೆ ಆಗ 80 ವರ್ಷ. ಮುದುಕಿಯಾಗಿದ್ದೇನೆ, ನೋಡಬಾರದು ಎಂದು ಮೊದಲು ಹಿಂಜರಿದರಂತೆ, ಆಮೇಲೆ ಬಾಗಿಲು ತೆರೆದರು. 1930ರ ದಶಕದಲ್ಲಿ ಅವರು ಮಾಡಿಕೊಟ್ಟಿದ್ದ ಥೆರೆಮಿನ್ ಇನ್ನೂ ಆಕೆಯ ಬಳಿಯೇ ಇತ್ತು. ಟೆರ್ಮೆನ್ 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ತಮ್ಮ 97ನೇ ವಯಸ್ಸಿನಲ್ಲಿ ತೀರಿಕೊಂಡರು.